ಎರಡನೆಯ ಗಡಿಗೆ

ಅಪ್ಪಾ,

ಕ್ಷೇಮಸಮಾಚಾರದಿಂದ ಶುರು ಮಾಡೋಣವೆಂದರೆ ನಿನ್ನ ಕ್ಷೇಮ ಕೇಳುವುದು ಹೇಗೆಂದು ತಿಳಿಯಲಿಲ್ಲ. ಅದನ್ನು ಬಿಟ್ಟಿದ್ದೇನೆ. ನಾನು ನೀಲವ್ವ, ಕಲಬುರಗಿಯ ಜೇವರ್ಗಿ ಕಾಲೋನಿಯ ಮನೆಯಿಂದ ಬರೆಯುತ್ತಿದ್ದೇನೆ. ನಿನಗೆ ಓದಲು ಬರುತ್ತಿರಲಿಲ್ಲ. ನೀನಿದ್ದಾಗ ಬರೆದಿದ್ದರೆ ಪೋಸ್ಟಿನವನಿಂದಲೋ ತಮ್ಮನಿಂದಲೋ ಓದಿಸಿಕೊಳ್ಳಬೇಕಾಗುತ್ತಿತ್ತು. ಆಗ ಇದರಲ್ಲಿ ಅರ್ಧ ಮಾತನ್ನೂ ನಾನು ಬರೆಯುತ್ತಿರಲಿಲ್ಲ. ಈಗ ನಮ್ಮಿಬ್ಬರ ನಡುವೆ ಓದುವವರು ಯಾರೂ ಬೇಡ. ನೀನು ಹೋಗಿ ಮೂರು ವರ್ಷವಾಯಿತು. ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ನೀನಿದ್ದಷ್ಟು ದಿನ ಧೈರ್ಯ ಬರಲಿಲ್ಲ. ಮಾಸ್ತರ ಹೆಂಡತಿ ನನ್ನ ಬಾಯಿಯಿಂದಲೇ ಸತ್ತಳೆಂದು ನೀನೂ ನಂಬಿದ್ದೆಯಾ?

ಕೆರೆಯ ಮಣ್ಣು ತರಲು ಹೋದಾಗಲೆಲ್ಲ ನೀನು ಗುದ್ದಲಿ ಕೆಳಗಿಟ್ಟು ಏನನ್ನೋ ಆಯ್ದು ನನ್ನ ಕೈಗೆ ಕೊಡುತ್ತಿದ್ದೆ. ಹಳೆಯ ಗಡಿಗೆಗಳ ಚೂರು. ಕೆಲವು ಕೆಂಪು, ಕೆಲವು ಕಪ್ಪು, ಅಪರೂಪಕ್ಕೊಂದು ನೀಲಿ ಹೊಳಪಿನದು. "ಇದು ನಮ್ಮ ಮುತ್ಯಾನ ಮುತ್ಯಾ ಮಾಡಿದ್ದು ನೋಡು" ಎಂದು ಪ್ರತಿಯೊಂದಕ್ಕೂ ಹೇಳುತ್ತಿದ್ದೆ. ಅಷ್ಟೊಂದು ಮುತ್ಯಾಂದಿರು ನಮಗೆಲ್ಲಿಂದ ಬಂದರೆಂದು ನಾನು ಕೇಳುತ್ತಿರಲಿಲ್ಲ. ಹೊರಗಿನವರಿಗೆ ಕಮಲಾಪುರ ಅಂದರೆ ಕೆಂಪು ಬಾಳೆಹಣ್ಣು. ನಿನಗೆ ಕಮಲಾಪುರ ಅಂದರೆ ನಮ್ಮ ಕುಂಬಾರ ಓಣಿಯೊಂದೇ. ಬೀದರ್ ಕಡೆಯ ಬಸ್ಸು ನಿಂತರೆ ಸಾಕು, ಜನ ಇಳಿದು ಓಣಿಗೆ ಬಂದು ನೀರಿನ ಹರವಿಗಳನ್ನು ಬೆರಳಿನಿಂದ ಬಾರಿಸಿ ನೋಡಿ ಒಯ್ಯುತ್ತಿದ್ದರು. "ನಮ್ಮ ಗಡಿಗಿ ಇಲ್ದ ಈ ಊರಾಗ ಯಾರೂ ಹುಟ್ಟಂಗಿಲ್ಲ, ಸಾಯಂಗಿಲ್ಲ" ಎನ್ನುವುದು ನಿನ್ನ ಜಂಬ. ಆ ಜಂಬದಲ್ಲಿ ಸುಳ್ಳೇನೂ ಇರಲಿಲ್ಲ.

ಸಾವಿನ ಗಡಿಗೆ ಕೊಡುವ ರೀತಿಯನ್ನು ನೀನು ಬಾಯಿಬಿಟ್ಟು ಕಲಿಸಲಿಲ್ಲ, ನೋಡಿ ಕಲಿಯಲು ಬಿಟ್ಟೆ. ಹೆಣ ಸುಡುವ ಪದ್ಧತಿಯ ಮನೆಯವರು ಬಂದು ಅಂಗಳದ ಹೊರಗೆ ನಿಲ್ಲುತ್ತಿದ್ದರು. ಏನು ಬೇಕೆಂದು ಅವರು ಹೇಳುತ್ತಿರಲಿಲ್ಲ, ನೀನು ಕೇಳುತ್ತಿರಲಿಲ್ಲ. ಒಂದು ಗಡಿಗೆ ತಂದು ನೆಲದ ಮೇಲಿಡುತ್ತಿದ್ದೆ. ಕೈಯಿಂದ ಕೈಗೆ ಕೊಡುವಂತಿಲ್ಲ, ಬಾರಿಸಿ ನೋಡುವಂತಿಲ್ಲ. ಅವರು ಎತ್ತಿಕೊಂಡು ಹಿಂತಿರುಗಿ ನೋಡದೆ ಹೋಗಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ, ಹಾಗೆ ಹೋಗುವವರಿಗೆ ಯಾರೂ 'ಹೋಗಿ ಬರ್ರಿ' ಅನ್ನಬಾರದು. ಆ ಕೆಲಸಕ್ಕೆ ಬಂದವರು ಮತ್ತೆ ಬರುವುದೆಂದರೆ ಆ ಮನೆಯಲ್ಲಿ ಇನ್ನೊಂದು ಸಾವು. ಅವರು ಓಣಿಯ ತಿರುವು ದಾಟಿದ ಮೇಲೆ ಅವ್ವ ಬಾಗಿಲಿಗೆ ನೀರು ಚಿಮುಕಿಸುತ್ತಿದ್ದಳು. ಆಮೇಲೆ ಮನೆಯಲ್ಲಿ ಮತ್ತೆ ಮಾತು ಶುರುವಾಗುತ್ತಿತ್ತು.

ನಾನಾಗ ಆರನೆಯ ಕ್ಲಾಸು. ವಾಮನರಾವ ಮಾಸ್ತರು ಆ ವರ್ಷವೇ ನಮ್ಮ ಶಾಲೆಗೆ ವರ್ಗವಾಗಿ ಬಂದಿದ್ದರು, ಲೆಕ್ಕ ಕಲಿಸುತ್ತಿದ್ದರು. ಮುದುಕಿ ತಾಯಿ, ಎಳೆಯ ಹೆಂಡತಿ, ಅವರು. ಮನೆಯಲ್ಲಿ ಮೂರೇ ಜನ, ಊರಲ್ಲಿ ಬಂಧುಬಳಗವಿಲ್ಲ. ನಾನು ಭಾಗಾಕಾರ ತಪ್ಪಿದರೆ ಬಯ್ಯದೆ, "ಗಡಿಗಿ ಮಾಡೋರ ಮಗಳು ನೀನು. ಒಮ್ಮೆ ಕೆಟ್ರ ಮತ್ತ ಮುದ್ದಿ ಮಾಡಿ ತಿರುಗಸು" ಎನ್ನುತ್ತಿದ್ದ ಮನುಷ್ಯ. ಆ ದಿನ ನೀನು ಹಿತ್ತಲಲ್ಲಿ ಗಡಿಗೆ ಸುಡುವುದಕ್ಕೆ ಆವಿಗೆ ಜೋಡಿಸುತ್ತಿದ್ದೆ. ಅವ್ವ ಸಂತೆಗೆ ಹೋಗಿದ್ದಳು. ಅಂಗಳದಲ್ಲಿ ನಾನೊಬ್ಬಳೇ. ಮಾಸ್ತರು ಬಂದು ನಿಂತರು, ಬರಿ ಮೈ, ಬರಿಗಾಲು, ಸೊಂಟಕ್ಕೊಂದು ಪಂಚೆ. ಅವರ ತಾಯಿ ತೀರಿದ್ದು ನನಗೆ ಗೊತ್ತಿರಲಿಲ್ಲ. ನಮ್ಮ ಮಾಸ್ತರು ನಮ್ಮ ಮನೆಗೆ ಬಂದರಲ್ಲಾ ಎಂಬ ಹಿಗ್ಗಷ್ಟೇ ನನಗೆ. ಅವರು ಗಡಿಗೆಗಳ ಸಾಲಿನತ್ತ ಕೈ ತೋರಿಸಿದರು. ನಾನು ಒಳ್ಳೆಯದೊಂದನ್ನು ಆರಿಸಿದೆ, ಟಣ್ ಟಣ್ ಎಂದು ಬಾರಿಸಿ ಕೇಳಿಸಿದೆ, ಎರಡೂ ಕೈಯಲ್ಲಿ ಎತ್ತಿ ಅವರ ಕೈಗೇ ಕೊಟ್ಟೆ. ಅವರು ಏನೂ ಹೇಳದೆ ತಿರುಗಿದಾಗ ಹಿಂದಿನಿಂದ ಕೂಗಿದೆ, "ಹೋಗಿ ಬರ್ರಿ, ಸರ್." ಹಿತ್ತಲಿನಿಂದ ಮಸಿ ಕೈಯಲ್ಲಿ ನೀನು ಬಂದದ್ದು ಅದೇ ಗಳಿಗೆಗೆ. ನಾನೇನು ಮಾಡಿದೆ ಎಂಬುದು ನನಗೆ ತಿಳಿದದ್ದು ನಿನ್ನ ಮುಖ ನೋಡಿದ ಮೇಲೆ.

ನೀನು ಹೊಡೆಯಲಿಲ್ಲ. ತಂಬಿಗೆ ತಂದು ಬಾಗಿಲಿಗೆ ನೀನೇ ನೀರು ಚಿಮುಕಿಸಿದೆ, ಒಂದಲ್ಲ ಮೂರು ಸಲ. ಹೊಡೆದವಳು ಅವ್ವ. "ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಹೆಣದ ಗಡಿಗಿ ಒಯ್ಯವ್ರಿಗೆ ಬರ್ರಿ ಅಂತಾರೇನ ಹುಚ್ಚಿ?" ಎಂದು ಬೆನ್ನಿಗೆ ಎರಡು ಕೊಟ್ಟಳು. "ಕೂಸದ, ಬಿಡು" ಎಂದೆ ನೀನು. ನನಗೆ ಆ 'ಬಿಡು' ಸಾಕಾಗಲಿಲ್ಲ ಅಪ್ಪ. ಏನೂ ಆಗುವುದಿಲ್ಲ ಎಂದು ನೀನು ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ನಿನಗೂ ಹೆದರಿಕೆಯಿತ್ತು, ಅಲ್ಲವಾ? ಮಾಸ್ತರು ಸೂತಕ ಕಳೆದು ಶಾಲೆಗೆ ಬಂದಾಗ ನಾನು ಹಿಂದಿನ ಸಾಲಿನಲ್ಲಿ ಕೂತು ದಿನ ಎಣಿಸುತ್ತಿದ್ದೆ. ಇವತ್ತು ಗಡಿಗೆಗೆ ಬರಲಿಲ್ಲ, ನಾಳೆಯೂ ಬರದಿರಲಿ. ತಟ್ಟೆಯ ರೊಟ್ಟಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಮಾಸ್ತರ ಮನೆಯ ಮುಂದೆ ಹಾಯುವಾಗ ಅವರ ಹೆಂಡತಿ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರೆ ಆ ದಿನ ಒಂದು ತುತ್ತು ಒಳಗೆ ಇಳಿಯುತ್ತಿತ್ತು.

ಇಪ್ಪತ್ತೆರಡನೆಯ ದಿನ ಅವರು ಬಂದರು. ತಿರುವಿನಲ್ಲಿ ಮೊದಲು ಕಂಡವಳು ನಾನೇ. ಅದೇ ಬರಿ ಮೈ, ಅದೇ ಬರಿಗಾಲು. ಓಡಿಹೋಗಿ ಮಣ್ಣಿನ ರಾಶಿಯ ಹಿಂದೆ ಕೂತುಬಿಟ್ಟೆ. ಹೆಂಡತಿಗೆ ನಾಲ್ಕು ದಿನ ಜ್ವರ ಬಂದಿತ್ತಂತೆ, ಕಲಬುರಗಿಗೆ ಒಯ್ಯುವ ಮೊದಲೇ ಮುಗಿದಿತ್ತಂತೆ. ಅದೆಲ್ಲ ಆಮೇಲೆ ಕೇಳಿದ್ದು. ಆಗ ಕೇಳಿಸಿದ್ದು ನಿನ್ನ ದನಿ. ಸಾವಿನ ಗಡಿಗೆಗೆ ಮಾತೆಲ್ಲಿಯದು? ಯಾವತ್ತೂ ತುಟಿ ಬಿಚ್ಚದ ನೀನು ಅವತ್ತು ಮಾತಾಡುತ್ತಿದ್ದೆ, ಮೆತ್ತಗೆ, ಬಹಳ ಹೊತ್ತು. ಒಂದಕ್ಷರವೂ ನನಗೆ ತಿಳಿಯಲಿಲ್ಲ. ನನ್ನ ಬಾಯಿಯ ತಪ್ಪಿಗೆ ನೀನು ಅವರ ಕಾಲು ಹಿಡಿದಿದ್ದೀ ಎಂದುಕೊಂಡೆ. ಹನ್ನೊಂದು ವರ್ಷದ ತಲೆಗೆ ಬೇರೇನು ಹೊಳೆಯಬೇಕು... ತಿಂಗಳೊಳಗೆ ಮಾಸ್ತರು ವರ್ಗ ಮಾಡಿಸಿಕೊಂಡು ಊರು ಬಿಟ್ಟು ಹೋದರು.

ಆಮೇಲೆ ನೀನು ನನ್ನನ್ನು ಅಂಗಳದಲ್ಲಿ ಕೂರಿಸಲಿಲ್ಲ. ಯಾರಾದರೂ ಬಂದ ಸುಳಿವು ಸಿಕ್ಕರೆ ಸಾಕು, "ಹಿಂದ ಹೋಗವ್ವಾ, ಮಣ್ಣು ಹಸನ ಮಾಡು" ಎನ್ನುತ್ತಿದ್ದೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ನೋಯಿಸಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಊರವರು ನಮ್ಮನ್ನು ಕಾಡಿಸುತ್ತಾರಲ್ಲ, ಮನೆಯೊಳಗಿನ ದೊಣ್ಣೆ ನಾನೇ ಅನ್ನಿಸುತ್ತಿತ್ತು. ಹಿತ್ತಲಲ್ಲಿ ಮಣ್ಣು ತುಳಿಯುತ್ತಿದ್ದರೆ, ಅಂಗಳದ ಹೊರಗೆ ಯಾರೋ ಬಂದು ಏನೂ ಕೇಳದೆ ನಿಂತಿದ್ದಾರೆ ಅನ್ನಿಸುತ್ತಿತ್ತು. ಹೋಗಿ ನೋಡಿದರೆ ಯಾರೂ ಇಲ್ಲ. ಒಂದೆರಡು ಸಲ ಅಕ್ಕಿ ಆರಿಸುವ ಮೊರದ ಸದ್ದೂ ಕೇಳಿಸಿತು. ಅವ್ವನಿಗೆ ಹೇಳಿದರೆ ಭೂತ ಬಿಡಿಸಲು ಎಳೆದೊಯ್ಯುತ್ತಾಳೆಂದು ಸುಮ್ಮನಾದೆ. ಇಲ್ಲಿಗೆ ಬಂದರೂ ಅದು ಬಿಟ್ಟಿಲ್ಲ ಅಪ್ಪ. ಮಟಮಟ ಮಧ್ಯಾಹ್ನ ಗೇಟಿನ ಹತ್ತಿರ ಯಾರೋ ನಿಂತ ಹಾಗೆ. ಹಾಲಿನವನು ಗಂಟೆ ಒತ್ತದೆ ಒಂದು ಕ್ಷಣ ನಿಂತರೂ ನನ್ನ ಎದೆ ಧಸಕ್ ಅನ್ನುತ್ತದೆ.

ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ನನ್ನ ಬಾಯಿಯ ರೋಗ ಕಂಡುಹಿಡಿದರು. "ಗಂಡ ಡ್ಯೂಟಿಗೆ ಹೊಂಟ್ರ ಹೋಗಿ ಬರ್ರಿ ಅನ್ನಾಕ ಏನಾಗ್ಯಾದ ಈ ಹುಡುಗಿಗಿ? ಕುಂಬಾರ್ರು ಬಾಯಾಗೂ ಮಣ್ಣು ತುಂಬಿ ಕಳಿಸ್ಯಾರೇನು?" ಎಂದು ನೆರೆಮನೆಯವರ ಮುಂದೆ ನಕ್ಕರು. ನಿನ್ನ ಅಳಿಯ ಬಸ್ ಡಿಪೋದಲ್ಲಿ ದಿನವೂ ನೂರು ಬಸ್ಸು ಹೋಗಿ ಬರುವುದನ್ನು ಬರೆದುಕೊಳ್ಳುವ ಮನುಷ್ಯ, ಅವರು ತಲೆ ಕೆಡಿಸಿಕೊಳ್ಳಲಿಲ್ಲ. "ನಮ್ಮಾಕಿ ನನ್ನ ವಾಪಸ್ ಕರಿಯಂಗಿಲ್ಲ. ನಾನ ನಾಚಿಗಿ ಬಿಟ್ಟು ದಿನಾ ಬರ್ತೀನಿ" ಎಂದು ಗೆಳೆಯರಿಗೆ ಹೇಳಿ ನಗಿಸುತ್ತಾರೆ. ನಾನೂ ನಗುತ್ತೇನೆ. ಅವರು ಬರುವ ಹೊತ್ತು ಮೀರಿದರೆ ಮಾತ್ರ ಒಳಗೊಳಗೇ ಸಾಯುತ್ತೇನೆ. ಹೇಳಿದ್ದರೆ ಏನಾಗುತ್ತಿತ್ತೋ, ಹೇಳದ್ದಕ್ಕೆ ಏನಾಗಿದೆಯೋ... ಇಂಥ ಬಾಯಿ ಇಟ್ಟುಕೊಂಡು ಹೇಗೆ ಬಾಳುವುದು, ನೀನೇ ಹೇಳು.

ಕೊನೆಯ ಸಲ ನೀನು ಬಂದದ್ದು ಕಣ್ಣು ತೋರಿಸಲು. ನಮ್ಮ ಬೀದಿಯ ಡಾಕ್ಟರು ಪೊರೆ ಬಂದಿದೆ, ಚಳಿಗಾಲ ಕಳೆದ ಮೇಲೆ ಆಪರೇಶನ್ ಮಾಡೋಣ ಎಂದರು. ಮರುದಿನ ಬೆಳಿಗ್ಗೆ ಕಮಲಾಪುರದ ಬಸ್ಸಿಗೆ ಹೊರಟೆ. "ಬರ್ತೀನವ್ವಾ" ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊಸ್ತಿಲ ಹೊರಗೆ ನಿಂತೆ. ನಾನು ತಲೆಯಾಡಿಸಿದೆ. ನೀನು ಹೋಗಲಿಲ್ಲ, ತಲೆಯ ಪಟಕಾ ಬಿಚ್ಚಿ ಮತ್ತೆ ಸುತ್ತಿಕೊಂಡೆ. "ಏನರ ಅನ್ನಲ್ಲಾ" ಎಂದು ನೀನು ಕೇಳಿದಾಗ, ನಾನು ಹೇಳಿದ್ದೇನು? "ಬಸ್ಸು ತಪ್ಪತದ, ಅಪ್ಪಾ." ನೀನು ನಕ್ಕು ಹೊರಟೆ. ಹನ್ನೊಂದು ದಿನದ ಮೇಲೆ ಪಕ್ಕದ ಮನೆಗೆ ತಮ್ಮನ ಫೋನು ಬಂತು. ಗಡಿಗೆ ತಿರುಗಿಸುವ ತಿಗರಿಯ ಮುಂದೆ ಕೂತವನು ಕೂತಲ್ಲೇ ಒರಗಿದೆಯಂತೆ. ನಮ್ಮಲ್ಲಿ ಹೂಳುತ್ತಾರೆ. ಊರಿಗೆಲ್ಲ ಕೊನೆಯ ಗಡಿಗೆ ಕೊಟ್ಟ ನಿನಗೆ ಒಂದು ಗಡಿಗೆಯೂ ಬೇಕಾಗಲಿಲ್ಲ. ಬಾ ಎಂದದ್ದಕ್ಕೆ ಅವಳು ಹೋದಳು, ಬಾ ಎನ್ನದಿದ್ದಕ್ಕೆ ನೀನು ಹೋದೆ. ಮಣ್ಣು ಹಾಕುವಾಗ ಎಲ್ಲರೂ ಅತ್ತರು, ನಾನು ಇದನ್ನೇ ಯೋಚಿಸುತ್ತ ನಿಂತಿದ್ದೆ.

ಹೋದ ಗುರುವಾರ ನಿನ್ನ ಮೊಮ್ಮಗನ ಟ್ಯೂಷನ್ ಮನೆಗೆ ಹೋಗಿದ್ದೆ. ಲೆಕ್ಕದಲ್ಲಿ ಅವನು ನನ್ನ ಹಾಗೆಯೇ. ನಮ್ಮ ಹಿಂದಿನ ಬೀದಿಯಲ್ಲಿ ಯಾರೋ ಲೆಕ್ಕದ ಸರ್ ಇದ್ದಾರೆ, ಬಯ್ಯದೆ ಹೇಳಿಕೊಡುತ್ತಾರೆ ಎಂದು ಹುಡುಗರೆಲ್ಲ ಹೋಗುತ್ತಿದ್ದರು, ಇವನನ್ನೂ ಕಳಿಸಿದ್ದೆ. ಅವರ ಹೆಸರು ನಾನು ಕೇಳಿರಲಿಲ್ಲ. ಜಗುಲಿಯ ಮೆಟ್ಟಿಲು ಹತ್ತುವಾಗಲೇ ದನಿ ಕೇಳಿಸಿತು, ಅಲ್ಲೇ ಕಾಲು ನಿಂತಿತು. ತಲೆ ಬೆಳ್ಳಗಾಗಿದೆ, ದಪ್ಪ ಕನ್ನಡಕ ಬಂದಿದೆ. ದನಿ ಮಾತ್ರ ಅದೇ. ತಿರುಗಿ ಓಡೋಣವೆಂದರೆ ಅಷ್ಟರಲ್ಲಿ, "ಬರ್ರಿ, ಯಾರ ತಾಯಿ ನೀವು? ಯಾವೂರಿನವರು?" ಎಂದರು.

"ಕಮಲಾಪುರ್ರೀ."

"ಕಮಲಾಪುರದಾಗ ಯಾರ ಪೈಕಿ?"

"ಕುಂಬಾರ ಶರಣಪ್ಪನ ಮಗಳ್ರೀ."

ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳಲಿಲ್ಲ. ಹುಡುಗರಿಗೆ ಹೊರಗೆ ಆಡಿಕೊಳ್ಳಲು ಹೇಳಿದರು. "ನೀಲಾ ಏನು?" ಎಂದರು. ಹತ್ತೊಂಬತ್ತು ವರ್ಷದಿಂದ ಬಾಯಿಪಾಠ ಮಾಡಿಟ್ಟಿದ್ದೆನಲ್ಲ, ಅದು ಒಮ್ಮೆಲೇ ಹೊರಬಂತು. "ಸರ್, ನನ್ನಿಂದ ತಪ್ಪಾತ್ರೀ. ಅವತ್ತ ನಾ ಬರ್ರಿ ಅಂತ ಅಂದಿದ್ದಕ್ಕ ನಿಮ್ಮ ಮನಿಯವರು..."

"ನೀ ಅಂದದ್ದು ನನಗ ಕೇಳಿಸೇ ಇರಲಿಲ್ಲ" ಎಂದರು ಮಾಸ್ತರು. "ನಿಮ್ಮಪ್ಪ ಹೇಳಿದ ಮ್ಯಾಲೇ ಗೊತ್ತಾದದ್ದು. ಎರಡನೇ ಸಲ ಬಂದಾಗ ನಾ ಅವರಿಗೆ ಏನ್ ಕೇಳಿದ್ದೆ ಗೊತ್ತದ ಏನು ನಿನಗ? ಎರಡು ಗಡಿಗಿ ಕೇಳಿದ್ದೆ."

ನನಗೆ ಮೊದಲು ಅರ್ಥವಾಗಲಿಲ್ಲ. ಆ ಮನೆಯಲ್ಲಿ ಅವತ್ತು ಸತ್ತವಳು ಒಬ್ಬಳೇ. ಉಳಿದವರೂ ಒಬ್ಬರೇ.

"ನಿಮ್ಮಪ್ಪ ನನ್ನ ಮಾರಿ ನೋಡಿದ್ರು. ಒಂದ ತಂದಿಟ್ರು. 'ಸರ್, ಎರಡನೇದು ಯಾರಿಗಂತ ನಾ ಕೇಳಂಗಿಲ್ಲ. ಅದು ಬೇಕಂದ್ರ ನೀವ ಬಂದು ಒಯ್ಯಬೇಕು. ನಿಮ್ಮ ಹೆಸರಿಲೆ ಬ್ಯಾರೆ ಯಾರ್ ಬಂದು ನಿಂತ್ರೂ ನಾ ಕೊಡಂಗಿಲ್ಲ' ಅಂದ್ರು. ಆಮ್ಯಾಲ ನಿನ್ನ ಸುದ್ದಿ ತಗದ್ರು. 'ನನ್ನ ಮಗಳು ಬಾಯಿ ತಪ್ಪಿ ಒಂದು ಮಾತು ಅಂದಾಳ, ಅವತ್ತಿನಿಂದ ರೊಟ್ಟಿ ಬಿಟ್ಟಾಳ. ನೀವೂ ಹೋದ್ರಿ ಅಂದ್ರ ಅಕಿ ಉಳಿಯಂಗಿಲ್ಲ. ಅಕಿ ತಿಳೀದ ಅಂದಾಳ, ನಾ ತಿಳದ ಅಂತೀನಿ, ಹೋಗಿ ಬರ್ರಿ' ಅಂದ್ರು. ಹೆಂಡ್ತಿ ಗಡಿಗಿ ಕೈಯಾಗ ಹಿಡಕೊಂಡು ನಿಂತವಗ ಯಾರರ ಹಂಗ ಅಂತಾರೇನು?"

ಕನ್ನಡಕ ಹಾಕಿಕೊಂಡು ಮತ್ತೆ ಹೇಳಿದರು. "ಎಲ್ಲಾ ಮುಗಿಸಿ ಬಾವಿ ತನಕ ಹೋಗಿದ್ದೆ, ಖರೆ ಹೇಳ್ತೀನಿ. ದಂಡಿ ಮ್ಯಾಲ ನಿಂತಾಗ, ನಾಳೆ ಓಣಿಯವರು ಗಡಿಗಿ ಕೇಳ್ಲಿಕ್ಕೆ ಹೋಗ್ತಾರ, ಈ ಕುಂಬಾರ ಕೊಡಂಗಿಲ್ಲ ಅಂತ ಹಟ ಹಿಡೀತಾನ, ಅಲ್ಲೊಂದು ಜಗಳ ಆಗ್ತದ ಅಂತ ಅನಸ್ತು. ಅಂಥಾ ಹೊತ್ತಿನಾಗ ನಗು ಬಂತು ನೋಡು. ಅಲ್ಲೇ ಕೂತು ಅತ್ತೆ. ಆಮ್ಯಾಲ ಮನಿಗೆ ಹೋದೆ."

ನಾನು ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಬಂದು ಮೊದಲು ಮಾಡಿದ್ದು ನಿನ್ನ ಫೋಟೋದ ಮುಂದೆ ನಿಂತು ಬೈದದ್ದು. ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಾನು ಆ ಹೆಣ್ಣುಮಗಳನ್ನು ಕೊಂದೆ ಎಂದುಕೊಂಡು ದೊಡ್ಡವಳಾದೆ, ಮದುವೆಯಾದೆ, ಮಗನನ್ನು ಹೆತ್ತೆ. ಅವನಿಗೂ ಒಂದು ದಿನ ಹೋಗಿ ಬಾ ಅನ್ನಲಿಲ್ಲ. ನೀನು ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಸಿಟ್ಟು ಇಳಿದ ಮೇಲೆ ಒಂದೊಂದಾಗಿ ತಿಳಿಯತೊಡಗಿತು. ಮಾಸ್ತರು ಊರು ಬಿಟ್ಟರು, ಆಮೇಲೆ ಸುದ್ದಿಯೇ ಇಲ್ಲ. ಅವರು ಉಳಿದರೋ ಹೋದರೋ ನಿನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನನಗೇನು ಹೇಳುತ್ತಿದ್ದೆ? ಹೇಳಿದ ಮರುದಿನ ಅವರ ಸಾವಿನ ಸುದ್ದಿ ಬಂದಿದ್ದರೆ... ನನ್ನನ್ನು ಹಿತ್ತಲಿಗೆ ಕಳಿಸುತ್ತಿದ್ದೆಯಲ್ಲ, ಅದು ನನ್ನ ಬಾಯಿಗೆ ಹೆದರಿ ಅಲ್ಲ. ಮಾಸ್ತರ ಹೆಸರು ಹೇಳಿಕೊಂಡು ಯಾರಾದರೂ ಆ ಎರಡನೆಯ ಗಡಿಗೆಗೆ ಬಂದು ನಿಂತರೆ ನಾನು ನೋಡಬಾರದೆಂದು. ಅಂಗಳದ ಹೊರಗೆ ಯಾರೇ ಸುಮ್ಮನೆ ಬಂದು ನಿಂತರೂ ನಿನ್ನ ಎದೆಯೂ ಧಸಕ್ ಅನ್ನುತ್ತಿತ್ತು, ಅಲ್ಲವಾ ಅಪ್ಪ? ಒಂದೇ ಮನೆಯಲ್ಲಿ ನೀನು ಮುಂದೆ, ನಾನು ಹಿಂದೆ, ಇಬ್ಬರೂ ಒಬ್ಬನೇ ಮನುಷ್ಯನಿಗೆ ಹೆದರುತ್ತ ಕೂತಿದ್ದೆವು. ನೀನು ಅದನ್ನು ಸಾಯುವವರೆಗೂ ಒಬ್ಬನೇ ಹೊತ್ತೆ.

ಒಂದು ತಪ್ಪು ಮಾಡಿ ಬಂದಿದ್ದೇನೆ. ಹೊರಡುವಾಗ ಮಾಸ್ತರು, "ನಿಮ್ಮಪ್ಪ ಹ್ಯಾಂಗದಾರ? ಇಷ್ಟು ವರ್ಷ ಅವರಿಗೆ ಮಾರಿ ತೋರಸಲಿಕ್ಕೆ ನನಗ ಧೈರ್ಯ ಆಗಲಿಲ್ಲ. ನಾ ಅದೀನಿ ಅಂತ ಹೇಳು" ಎಂದರು. ಅಪ್ಪ ಇಲ್ಲ ಎನ್ನಲು ಬಾಯಿ ತೆರೆದೆ, "ಹೇಳ್ತೀನ್ರೀ ಸರ್" ಎಂದು ಬಂದುಬಿಟ್ಟೆ. ನಾಳೆ ಹೋಗಿ ಅವರಿಗೆ ನಿಜ ಹೇಳುತ್ತೇನೆ. ಆದರೆ ಕೊಟ್ಟ ಮಾತು ಮೊದಲು, ಅದಕ್ಕೇ ಈ ಕಾಗದ. ಕೇಳು ಅಪ್ಪ. ವಾಮನರಾವ ಮಾಸ್ತರು ಬಾವಿಯ ದಂಡೆಯಿಂದ ತಿರುಗಿ ಮನೆಗೆ ಹೋದರು. ಎಂಟು ವರ್ಷದ ಮೇಲೆ ಇನ್ನೊಂದು ಮದುವೆಯಾದರು. ಒಬ್ಬಳು ಮಗಳಿದ್ದಾಳೆ, ನಾನು ಕೂತಿದ್ದಾಗ ಚಹಾ ತಂದುಕೊಟ್ಟವಳು ಅವಳೇ. ಆ ಎರಡನೆಯ ಗಡಿಗೆಗೆ ಯಾರೂ ಬರುವುದಿಲ್ಲ. ಇನ್ನು ನೀನು ಬಾಗಿಲು ಕಾಯಬೇಡ.

ನಿನ್ನ ನೀಲವ್ವ